ನಿಜಗುಣಪ್ಪ ತೊಳೆದ ಗಾಜು

೨೦೦೮ರ ದಸರಾ ಹತ್ತಿರ ಬಂದಿದೆ. ಬೈಲಹೊಂಗಲದ ಕಾಲೇಜೊಂದರ ಮಾಳಿಗೆಗೆ ಇನ್ನೂ ಬಿಸಿಲು ಬಿದ್ದಿಲ್ಲ. ಪ್ರಯೋಗಾಲಯದ ಅಟೆಂಡರ್ ನಿಜಗುಣಪ್ಪ ತಂಬಿಗೆ ಹಿಡಿದು, ಅಂಗೈಯಗಲದ ಗಾಜುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅವುಗಳ ಮೇಲೆ ನೀರು ಸುರಿಯುವುದೇ ಈಗ ಅವರ ಕೆಲಸ. ಸುರಿಯುವ ಮುಂಚೆ ಪ್ರತಿಸಲವೂ ಕೈ ಒಂದು ಗಳಿಗೆ ತಡೆಯುತ್ತದೆ. ನಾಚಿಕೆ, ಮತ್ತೇನಿಲ್ಲ.

ಇವು ಸಾವಯವ ಸೌರಕೋಶಗಳು. ಎರಡು ಗಾಜಿನ ನಡುವೆ ಬಳಿದ ಪ್ಲಾಸ್ಟಿಕ್ಕಿನಂಥ ತೆಳು ಪದರ ಬಿಸಿಲನ್ನು ಕರೆಂಟು ಮಾಡುತ್ತದೆ. ಅಗ್ಗದ ಮಾಲು, ಆದರೆ ಭಾರೀ ನಾಜೂಕು. ಗಾಳಿ, ತೇವ ತಾಗಿದರೆ ಕತೆ ಮುಗಿಯಿತು. ಇವು ಹೆಚ್ಚು ಕರೆಂಟು ಕೊಡಬೇಕು, ಹೆಚ್ಚು ಕಾಲ ಬಾಳಬೇಕು ಅಂತ ಭೌತಶಾಸ್ತ್ರದ ಮಧು ಮೇಡಂ ಹೆಣಗುತ್ತಿದ್ದಾರೆ. ಗಾಜುಗಳನ್ನು ಬಿಸಿಲಿಗಿಟ್ಟು ಮೀಟರ್ ನೋಡುವುದು ಸಂಗೊಳ್ಳಿಯಿಂದ ಮೊದಲ ಬಸ್ಸಿಗೆ ಬರುವ ನಿಜಗುಣಪ್ಪನವರ ಪಾಲು.

ಎಡವಟ್ಟಾಗಿದ್ದು ಹೋದ ವರ್ಷದ ಖಂಡೇ ಪೂಜೆಯಂದು, ಅಂದರೆ ಆಯುಧಪೂಜೆಯ ದಿನ. ಹೊಲದವರು ನೇಗಿಲು ತೊಳೆದು ವಿಭೂತಿ ಹಚ್ಚುವ ದಿನ ಅದು. ದುಡಿಯುವ ಸಾಮಾನನ್ನು ಧೂಳು ಹಿಡಿಸಿಕೊಂಡೇ ಪೂಜೆಗಿಡುವುದುಂಟೇ? ನಿಜಗುಣಪ್ಪ ಗಾಜುಗಳನ್ನೆಲ್ಲ ಬೋಗುಣಿಯಲ್ಲಿ ನೆನೆಹಾಕಿ, ಹಿತ್ತಾಳೆ ತಿಕ್ಕುವಂತೆ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿ, ವಿಭೂತಿ ಎಳೆದರು. ಅಂಚಿನ ಅಂಟಿನೊಳಗೆ ನೀರು ಇಳಿಯಿತು. ಮರುದಿನ ಮೀಟರಿನ ಮುಳ್ಳು ಏಳಲೇ ಇಲ್ಲ. ಮಳೆಗಾಲವಿಡೀ ಮೇಡಂ ಪಟ್ಟ ಪಾಡು ನೀರುಪಾಲಾಯಿತು.

ಅದನ್ನು ಕಂಡ ಕೂಡಲೇ ಮೇಡಂ ಹತ್ತಿರ ಹೋಗಿ, ತೊಳೆದದ್ದು ತಾನೇ ಎಂದು ಹೇಳಿದರಂತೆ. ಮೇಡಂ ಬೈಯಲಿಲ್ಲ, ಅದೇ ಇವರಿಗೆ ತಡೆಯದಾಯಿತು.

"ಬೈದಿದ್ರ ಉಂಡು ಮಲಗತಿದ್ನಿ. ಅವರು ಗಾಜು ಕೈಯಾಗ ಹಿಡಕೊಂಡು ಸುಮ್ಮನ ಕುಂತ್ರು. ಇವತ್ತಿಗೂ ಅವರ ಮಾರಿ ನೋಡಾಕ ನಾಚಿಕಿ ಬರತೈತ್ರಿ."

ಆಗಿದ್ದಾಯಿತು, ಬಿಡಿ ಎಂದು ಹೆಂಡತಿ ಗುರವ್ವ ಹೇಳಿದರೂ ಜೀವ ಕೇಳುತ್ತಿಲ್ಲ.

ಆಮೇಲೆ ಮೇಡಂ ಅಂಚಿಗೆ ಬೇರೆ ಅಂಟು ಹಾಕಿದರು. ಮಳೆ ತಡೆಯದ ಗಾಜು ಯಾರ ಮನೆಗೂ ಆಗದು, ದಿನಾ ನೀರು ಹಾಕಿ ನೋಡೋಣ ಅಂದರು. ತಂಬಿಗೆ ಕೊಟ್ಟಿದ್ದು ಇವರ ಕೈಗೇ! ನನಗೆ ಮಾತ್ರ ಬೇಡವೆಂದು ಇವರು ಅಂಗಲಾಚಿದರು. ಮೇಡಂ ಕೇಳಲಿಲ್ಲ.

"ನೀವು ತೊಳದಂಗ ನಾಳೆ ಮಂದಿನೂ ತೊಳೀತಾರ. ಅದಕ್ಕ ನೀವ ತೊಳೀರಿ."

ಬಿಸಿಲೇರುತ್ತದೆ. ಹನಿ ಇಳಿಯುತ್ತಿರುವ ಗಾಜಿಗೆ ನಿಜಗುಣಪ್ಪ ಮೀಟರಿನ ತಂತಿ ಸಿಕ್ಕಿಸುತ್ತಾರೆ. ಮುಳ್ಳು ನಿನ್ನೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ಅಂಟು ನೀರು ತಡೆದಿದೆ; ಅವರು ಮುಂದಿನ ಗಾಜಿಗೆ ಕೈ ಹಾಕುತ್ತಾರೆ.

ನಾಡಿದ್ದು ಮತ್ತೆ ಖಂಡೇ ಪೂಜೆ. ಈ ಸಲವೂ ಗಾಜಿಗೆ ವಿಭೂತಿ ಹಚ್ಚಿರೆಂದು ಮೇಡಂ ತಾವಾಗಿಯೇ ಹೇಳಿದ್ದಾರೆ. ಹಚ್ಚುತ್ತೀರಾ ಎಂದರೆ ನಿಜಗುಣಪ್ಪ ತಲೆ ತಗ್ಗಿಸುತ್ತಾರೆ.

"ವಿಭೂತಿ ಮೇಡಂ ಅವರ ಹಚ್ಚಲಿ," ಎನ್ನುತ್ತಾರೆ. "ನಾ ತೊಳದು ಕೊಡತೇನಿ."