ತಲೆಗೊಂದು ತಟ್ಟು

ನನ್ನ ತಂಗಿ ಹದಿನಾರು ವರ್ಷ ಈಜು ಸ್ಪರ್ಧೆಗಳಲ್ಲಿ ಈಜಿದಳು. ಅಷ್ಟೂ ವರ್ಷ ನಾನು ಅವಳ ತಲೆಗೆ ಕೋಲಿನಿಂದ ಹೊಡೆದೆ. ಹೀಗೆ ಹೇಳಿದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಅದಕ್ಕೇ ಹೀಗೆ ಹೇಳುವುದೆಂದರೆ ನನಗೆ ಇಷ್ಟ.

ವಿಷಯ ಇಷ್ಟೇ. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣಿಸದು. ಅಂಥವರು ಈಜುವಾಗ ಗೋಡೆ ಹತ್ತಿರ ಬಂತೆಂದು ತಿಳಿಸಲು ಕೊಳದ ಅಂಚಿನಲ್ಲಿ ಒಬ್ಬರು ಉದ್ದನೆಯ ಕೋಲು ಹಿಡಿದು ನಿಂತಿರುತ್ತಾರೆ. ಕೋಲಿನ ತುದಿಯಲ್ಲಿ ಮೆತ್ತನೆಯ ಚೆಂಡು. ಗೋಡೆಗೆ ಇನ್ನೆರಡೇ ಸಲ ಕೈ ಬೀಸುವಷ್ಟು ದೂರವಿದ್ದಾಗ ತಲೆಗೊಂದು ತಟ್ಟಬೇಕು. ಬೇಗ ತಟ್ಟಿದರೆ ವೇಗ ಹೋಯಿತು, ತಡವಾದರೆ ಬೆರಳು ಹೋಯಿತು. ನಾನು ದರ್ಜಿ, ಅಳತೆಯೇ ನನ್ನ ಕಸುಬು, ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು. ಚೆಂಡಿಗೆ ಅಂಗಡಿಯ ಚೂರುಬಟ್ಟೆ ಸುತ್ತಿ, ಎಷ್ಟು ನೆನೆದರೂ ಬಿಚ್ಚಿಕೊಳ್ಳದ ಹಾಗೆ ಹೊಲಿದವನೂ ನಾನೇ.

ಆದರೆ ನನಗೆ ಈಜು ಬಾರದು. ಬಾರದು ಅನ್ನುವುದು ಮರ್ಯಾದೆಯ ಮಾತು. ನೀರು ಕಂಡರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಅಷ್ಟು ವರ್ಷ ಕೊಳದ ಪಕ್ಕದಲ್ಲೇ ನಿಂತವನು ಒಂದು ದಿನವೂ ಪಾದ ಮುಳುಗಿಸಲಿಲ್ಲ. "ಇವರು ಸ್ನಾನ ಮಾಡುವಾಗ್ಲೂ ಬಕೆಟ್ಟಿನ ಅಂಚು ಗಟ್ಟಿಯಾಗಿ ಹಿಡ್ಕೊಂಡಿರ್ತಾರೆ" ಎಂದು ನನ್ನ ಹೆಂಡತಿ ಕಂಡಕಂಡವರ ಹತ್ತಿರ ಹೇಳುತ್ತಾಳೆ. ಶುದ್ಧ ಸುಳ್ಳು. ಒಂದೆರಡು ಸಲ ಹಿಡಿದಿರಬಹುದು.

ತಂಗಿಯ ಪದಕಗಳು ನನ್ನ ಅಂಗಡಿಯಲ್ಲಿ, ಅಳತೆಯ ಟೇಪು ನೇತುಹಾಕುವ ಮೊಳೆಗಳಲ್ಲೇ ಇವೆ. ಅಭ್ಯಾಸ ಮುಗಿಸಿ ಒದ್ದೆ ತಲೆಯಲ್ಲಿ ಬಂದು, ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆಲ್ಲ ನೀರು ತೊಟ್ಟಿಕ್ಕಿಸಿ, ನಾನು ಬೈದರೆ "ನನಗೆ ಕಾಣಲಿಲ್ಲಣ್ಣ" ಅನ್ನುತ್ತಿದ್ದಳು. ಬೇಕೆಂದೇ ಮಾಡುತ್ತಿದ್ದಳು. ಇಸ್ತ್ರಿಯ ಬಿಸಿ ವಾಸನೆ ಅವಳ ಮೂಗಿಗೆ ಬಡಿಯದೆ ಇರುತ್ತದೆಯೇ?

ಅವಳ ಕೊನೆಯ ಸ್ಪರ್ಧೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅರ್ಧ ದೂರ ಈಜಿ ತಿರುಗಬೇಕಾದ ಗೋಡೆಯ ಹತ್ತಿರ ನನ್ನ ಜಾಗ. ಪಕ್ಕದ ಲೇನಿನವಳು ಸಮಸಮಕ್ಕೆ ಬರುತ್ತಿದ್ದಳು. ಯಾರು ಮುಂದಿದ್ದಾರೆ ನೋಡೋಣ ಎಂದು ಕತ್ತು ಆ ಕಡೆ ತಿರುಗಿಸಿದೆ. ಅಷ್ಟರಲ್ಲಿ ತಂಗಿ ಗೋಡೆಗೆ ಅಪ್ಪಳಿಸಿದಳು. ಎರಡು ಬೆರಳು ಮುರಿದವು. ಆ ಕೈಯಲ್ಲೇ ತಿರುಗಿ ಈಜಿ ಎರಡನೆಯವಳಾದಳು. ನಾನು ತಟ್ಟಿದ್ದರೆ ಮೊದಲನೆಯವಳಾಗುತ್ತಿದ್ದಳು.

"ಏನಾಯ್ತಣ್ಣ?" ಎಂದು ಕೇಳಿದಳು.

"ಕೋಲು ಒದ್ದೆಯಾಗಿತ್ತು, ಜಾರಿಬಿಡ್ತು."

"ಹೋಗ್ಲಿ ಬಿಡು."

ಆ ಸುಳ್ಳನ್ನು ನಾನು ಐದು ವರ್ಷ ತಿದ್ದಲಿಲ್ಲ.

ಸ್ಪರ್ಧೆ ಬಿಟ್ಟ ಮೇಲೆ ಅವಳು ಆ ಐದು ವರ್ಷವೂ ಒಂದು ಆಸ್ಪತ್ರೆಯಲ್ಲಿ ಫೋನು ಎತ್ತುವ ಕೆಲಸ ಮಾಡಿದಳು. ಬೇಸರ ಅನ್ನಲಿಲ್ಲ, ಆದರೆ ಮನೆಗೆ ಬಂದಾಗ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು, ನನಗೆ ನೋಡಲಾಗುತ್ತಿರಲಿಲ್ಲ. ಆಗ ನಮ್ಮ ಈಜುಕೊಳಕ್ಕೆ ಹೊಸಬರಿಗೆ ಕಲಿಸುವವರು ಬೇಕಿದೆಯೆಂದು ಗೊತ್ತಾಯಿತು. ಇಬ್ಬರೂ ಹೋಗಿ ಮ್ಯಾನೇಜರನ್ನು ಕಂಡೆವು. ಒಳ್ಳೆಯ ಮನುಷ್ಯ, ಆದರೆ ಮುಖ ಹುಳ್ಳಗೆ ಮಾಡಿದರು.

"ನೀವು ಚೆನ್ನಾಗಿ ಈಜ್ತೀರಿ, ಒಪ್ತೀನಿ. ಆದ್ರೆ ಕಲಿಯೋರು ಏನು ತಪ್ಪು ಮಾಡ್ತಾರೆ ಅಂತ ನಿಮಗೆ ಕಾಣಲ್ವಲ್ಲ?"

"ಕೇಳುತ್ತಲ್ಲ" ಎಂದಳು ತಂಗಿ.

ಅವರು ಮೇಜಿಗೆ ಪೆನ್ನು ಕುಟ್ಟಿದರು. "ನೀರಿಗೇ ಇಳಿಯದವರನ್ನ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಆರು ವಾರದಲ್ಲಿ ಈ ತುದಿಯಿಂದ ಆ ತುದಿಗೆ ಈಜಿಸಿ ತೋರಿಸಿ. ಕೆಲಸ ನಿಮ್ಮದೇ."

ತಂಗಿ ನನ್ನ ಕಡೆ ತಿರುಗಿ ಭುಜದ ಮೇಲೆ ಕೈ ಇಟ್ಟಳು. "ಇಲ್ಲೇ ಇದ್ದಾನಲ್ಲ."

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ನೀರಿಗಿಳಿದೆ. ಚಡ್ಡಿ ನಾನೇ ಹೊಲಿದದ್ದು, ಅದೊಂದರ ಬಗ್ಗೆ ಧೈರ್ಯವಿತ್ತು. ತಂಗಿ ನಡುಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಿಂತು ಕಿವಿಗೊಟ್ಟು ಕೇಳುತ್ತಿದ್ದಳು. "ಮಂಡಿ ಬಗ್ಗಿಸ್ಬೇಡ, ಬಟ್ಟೆ ಒಗೆದ ಹಾಗೆ ಸದ್ದು ಬರ್ತಿದೆ." "ಉಸಿರು ಬಿಡು, ಯಾರಿಗೆ ಅಂತ ಉಳಿಸ್ತಿದೀಯ?" ಒಂದು ಮಾತೂ ತಪ್ಪಿರಲಿಲ್ಲ. ಮೂರು ವಾರದಲ್ಲಿ ನಾನು ತೇಲಿದೆ, ನಾಲ್ಕನೆಯ ವಾರ ಅರ್ಧ ಕೊಳ ಈಜಿದೆ. ಅಲ್ಲಿಗೆ ನಿಂತಿತು. ಮಧ್ಯದಲ್ಲಿ ತಳ ಇಳಿಜಾರಾಗಿ ಆಳವಾಗುತ್ತದೆ. ಆ ಜಾಗಕ್ಕೆ ಬಂದೊಡನೆ ಲೇನಿನ ಹಗ್ಗಕ್ಕೆ ಜೋತುಬೀಳುತ್ತಿದ್ದೆ. ಪ್ರತಿದಿನವೂ ಇದೇ ಕಥೆ. ಉಳಿದದ್ದು ನಾಲ್ಕೇ ದಿನ.

"ಅಲ್ಲಿ ಏನಾಗುತ್ತೆ ನಿಂಗೆ?" ಎಂದು ಕೇಳಿದಳು.

"ಆಳ ಕಾಣುತ್ತೆ."

ತಂಗಿ ಬಿದ್ದುಬಿದ್ದು ನಕ್ಕಳು. "ಕಾಣೋದೇ ನಿನ್ನ ಕಾಯಿಲೆಯಾ? ಅದಕ್ಕೆ ನನ್ನ ಹತ್ರ ಮದ್ದಿದೆ."

ಮರುದಿನ ಅವಳ ಹಳೆಯ ಈಜು ಕನ್ನಡಕ ತಂದಳು. ಅವಳು ಈಜುತ್ತಿದ್ದ ಸ್ಪರ್ಧೆಗಳಲ್ಲಿ ಯಾರಿಗೂ ಅರೆಬರೆಯೂ ಕಾಣಬಾರದೆಂದು ಎಲ್ಲರೂ ಪೂರ್ತಿ ಕಪ್ಪು ಬಳಿದ ಕನ್ನಡಕ ಹಾಕಬೇಕಿತ್ತು. ಇನ್ನೊಂದು ಕೈಯಲ್ಲಿ ಅದೇ ಕೋಲು.

"ಗೋಡೆ ಬಂದಾಗ?"

"ನಾನು ತಟ್ತೀನಿ."

"ನಿಂಗೆ ಹೇಗೆ ಗೊತ್ತಾಗುತ್ತೆ?"

"ನೀನು ಈಜೋದು ಇಡೀ ಊರಿಗೇ ಕೇಳುತ್ತೆ, ನಂಗೆ ಕೇಳಲ್ವಾ?"

ಪರೀಕ್ಷೆಯ ದಿನ ಮ್ಯಾನೇಜರು ಕೈ ಕಟ್ಟಿ ನಿಂತಿದ್ದರು. ಕೊಳದ ಕಾವಲುಗಾರ ಸಿದ್ಧನಾಗಿ ಕೂತಿದ್ದ. ತಂಗಿ ಆ ತುದಿಯಲ್ಲಿ ಕೋಲು ಹಿಡಿದಿದ್ದಳು. ನನ್ನ ಹೆಂಡತಿ ಎರಡೆರಡು ಟವಲು ತಂದಿದ್ದಳು. ನಾನು ಕಪ್ಪು ಕನ್ನಡಕ ಹಾಕಿ ಹೊರಟೆ. ಆಳ ಯಾವಾಗ ಬಂತೋ ತಿಳಿಯಲಿಲ್ಲ. ನನ್ನ ಉಸಿರು ಬಿಟ್ಟರೆ ಬೇರೇನೂ ಇಲ್ಲ. ಮುಂದೆಲ್ಲೋ ಗೋಡೆಯಿದೆ, ಅದು ಎಲ್ಲಿದೆ ಗೊತ್ತಿಲ್ಲ. ಹದಿನಾರು ವರ್ಷ ನನ್ನ ತಂಗಿ ಈ ಕತ್ತಲೆಯಲ್ಲಿ, ಅಣ್ಣ ತಟ್ಟುತ್ತಾನೆ ಅನ್ನುವ ಒಂದೇ ನಂಬಿಕೆಯಲ್ಲಿ, ಗೋಡೆಯ ಕಡೆ ಮೈಯ ಶಕ್ತಿಯೆಲ್ಲ ಹಾಕಿ ನುಗ್ಗಿದ್ದಳು. ನನಗೆ ನಾಚಿಕೆಯಾಯಿತು. ಅವಳ ಬಗ್ಗೆ ಎದೆ ತುಂಬಿಯೂ ಬಂತು. ನೀರಿನಲ್ಲಿ ಅಳಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಆಗ ತಲೆಗೊಂದು ತಟ್ಟು ಬಿತ್ತು, ಸರಿಯಾಗಿ ಬೋಳು ನೆತ್ತಿಯ ಮಧ್ಯಕ್ಕೆ. ಇನ್ನೆರಡು ಸಲ ಕೈ ಬೀಸಿದೆ. ಬೆರಳಿಗೆ ಗೋಡೆ ಸಿಕ್ಕಿತು.

"ಸೋಮವಾರದಿಂದ ಬನ್ನಿ ಮೇಡಂ" ಎಂದರು ಮ್ಯಾನೇಜರು. ಆಮೇಲೆ ದನಿ ತಗ್ಗಿಸಿ, "ನಂಗೂ ಈಜು ಬರಲ್ಲ" ಎಂದರು.

ತಂಗಿ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಡವಿ ನನ್ನ ಕಿವಿ ಹಿಡಿದಳು. "ತಟ್ಟಿದ್ದು ಸರಿಯಾಗಿತ್ತಾ?"

"ಕೂದಲೆಳೆಯಷ್ಟೂ ತಪ್ಪಿಲ್ಲ."

"ನಾನು ಪಕ್ಕದ ಲೇನಿನ ಕಡೆ ತಿರುಗಲಿಲ್ಲ, ಅದಕ್ಕೆ."

ನನ್ನ ಕೈ ಗೋಡೆಯಿಂದ ಜಾರಿ ಒಂದು ಗುಟುಕು ನೀರು ಕುಡಿದೆ. "ನಿಂಗೆ ಗೊತ್ತಿತ್ತಾ?"

"ಪಕ್ಕದ ಲೇನಿಗೆ ಕೋಲು ಹಿಡಿದವನು ಅವತ್ತೇ ಹೇಳಿದ್ದ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನೇ ಹೇಳ್ತೀಯೇನೋ ಅಂತ ಕಾದೆ."

ಗಲ್ಲದವರೆಗೆ ನೀರಿನಲ್ಲಿದ್ದುಕೊಂಡೇ, "ತಪ್ಪಾಯ್ತು ಕಣೆ" ಎಂದೆ. ತಂಗಿ ಕಿವಿ ಬಿಟ್ಟು, ನೆತ್ತಿಗೆ ಕೋಲಿನಿಂದ ಇನ್ನೊಂದು ಹಾಕಿದಳು, ಈ ಸಲ ಸ್ವಲ್ಪ ಜೋರಾಗಿಯೇ.

"ಸರಿ, ಈಗ ವಾಪಸ್ ಈಜು" ಎಂದಳು. ನಾನು ತಿರುಗಿ ಈಜಿದೆ.