ಬೂಟು ಹಾಕಿಕೊಂಡ ಹರಕೆ

ಆ ಶನಿವಾರ ಬೆಳಿಗ್ಗೆ ನಾನು ಗುಳಿಗೆ ನುಂಗಿದ್ದು ಸುದ್ದಿ ಬರುವ ಮೊದಲೋ, ಬಂದ ಮೇಲೋ, ನನ್ನ ನೆನಪನ್ನು ನಂಬಿ ಖಚಿತವಾಗಿ ಹೇಳಲಾರೆ. ಬಹಳ ತಿಂಗಳು ಖಚಿತವಾಗಿಯೇ ಹೇಳುತ್ತಿದ್ದೆ. ನಾಲ್ಕೂವರೆಗೆ ಎದ್ದೆ, ಮೊಣಕಾಲು ನೋಯುತ್ತಿತ್ತು, ಎರಡು ಗುಳಿಗೆ ನುಂಗಿದೆ, ಓಡಿದೆ, ಒಂಬತ್ತಕ್ಕೆ ಕೋಣೆಗೆ ಬಂದು ಬೂಟು ಬಿಚ್ಚುವಾಗ ವೈನಿಯ, ಎಂದರೆ ಅಣ್ಣನ ಹೆಂಡತಿಯ, ಫೋನ್ ಬಂತು. ಹೀಗೆ ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನೆನಪಾಗುವುದು ಆ ಬೆಳಗೋ ನಾನು ಹೇಳಿದ ಕಥೆಯೋ ತಿಳಿಯುವುದಿಲ್ಲ. ಗೋಕಾಕದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬರೆದಿಡದ ವೀಕ್ಷಣೆ ವೀಕ್ಷಣೆಯೇ ಅಲ್ಲ ಎಂದು ಪ್ರಯೋಗಾಲಯದಲ್ಲಿ ಪ್ರತಿ ವರ್ಷ ಗದರಿಸುತ್ತೇನೆ. ಆ ದಿನದ ಬಗ್ಗೆ ನಾನು ಒಂದಕ್ಷರವನ್ನೂ ಬರೆದಿಟ್ಟಿರಲಿಲ್ಲ.

ಅಣ್ಣನಿಗೆ ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿತ್ತು. ಅವ್ವ ಅವನ ಜೊತೆಗೇ ಇದ್ದಳು. ಒಂದು ಬೇಸಿಗೆಯಲ್ಲಿ ಅವನ ಕೈಕಾಲಿನ ಮೇಲೆ ಯಾರೋ ಹಿಂಡಿದ ಹಾಗೆ ನೀಲಿ ಕಲೆಗಳು ಎದ್ದವು. ಸ್ಪ್ಯಾನರ್ ತಾಗಿರಬೇಕೆಂದು ಎರಡು ತಿಂಗಳು ಸುಮ್ಮನಿದ್ದ. ಆಮೇಲೆ ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು.

ಆಗ ನಾನು ಮಾಡಿದ ಕೆಲಸ ಓಡುವುದು. ಮ್ಯಾರಥಾನ್ ಓಡಿ, ಪರಿಚಯದವರಿಂದ ದೇಣಿಗೆ ಕೂಡಿಸಿ, ಈ ರೋಗದ ಸಂಶೋಧನೆಗೆ ಕೊಡುವ ಒಂದು ಯೋಜನೆಯ ಪ್ರಕಟಣೆ ಕಣ್ಣಿಗೆ ಬಿತ್ತು. ಅದೇ ದಿನ ಹೆಸರು ಹಚ್ಚಿದೆ. ಸಂಶೋಧನೆಯ ಮೇಲೆ ನನಗೆ ನಂಬಿಕೆ ಇತ್ತು. ಬೇರೆ ಯಾವುದರ ಮೇಲೂ ಇರಲಿಲ್ಲ. ಇನ್ನೊಂದು ಕಾರಣವನ್ನು ಆಗ ಒಪ್ಪಿಕೊಳ್ಳಲಿಲ್ಲ. ನಲವತ್ತೆರಡು ಕಿಲೋಮೀಟರಿಗೆ ತಯಾರಾಗುವವನಿಗೆ ವಾರ್ಡಿನ ಸ್ಟೂಲಿನ ಮೇಲೆ ಕೂರಲು ಪುರುಸೊತ್ತು ಸಿಗುವುದಿಲ್ಲ.

ಅಣ್ಣನಿಗೆ ಇದು ಮೊದಲ ದಿನವೇ ತಿಳಿದಿತ್ತೆಂದು ಕಾಣುತ್ತದೆ.

"ರೋಗ ನನ್ನ ರಕ್ತದಾಗ. ನೀ ಯಾಕ ಬೆವರ ಸುರಸಾಕತ್ತೀಲೇ?" ಎಂದು ನಕ್ಕಿದ್ದ. "ನೀ ಓಡೂದ ನೋಡಿ ಅದೂ ಓಡಿ ಹೋಗತೈತೇನು?"

"ನಿನ್ನ ಸಲುವಾಗಿ ಅಷ್ಟ ಅಲ್ಲಣ್ಣ. ಔಷಧ ಹುಡುಕಾಕ ವರ್ಷಗಟ್ಟಲೆ ಬೇಕು. ಮುಂದ ಬರವ್ರ ಸಲುವಾಗಿ."

"ಹಂಗಾರ ಮುಂದ ಬರವ್ರ ಸಲುವಾಗಿ ಸೋಮವಾರ ಓಡು. ನನ್ನ ಸಲುವಾಗಿ ಐತಾರ ಬಂದು ಇಸ್ಪೀಟ ಆಡು."

ಭಾನುವಾರವೇ ದೂರದ ಓಟದ ದಿನ. ಹೋಗಲಿಲ್ಲ. ಒಂದೆರಡು ಸಲ ಹೋಗಿದ್ದೆನೇನೋ. ಹೋಗಿದ್ದೆ ಎಂದುಕೊಳ್ಳುವುದು ನನಗೆ ಅನುಕೂಲ, ಆದ್ದರಿಂದ ಆ ನೆನಪನ್ನೂ ನಂಬುವುದಿಲ್ಲ.

ವಾರದ ದಿನಗಳಲ್ಲಿ ಗೋಕಾಕ ಫಾಲ್ಸ್‌ವರೆಗೆ ಏರು ಹತ್ತಿ, ಅಲ್ಲಿನ ನೂಲಿನ ಗಿರಣಿಯ ಮುಂದೆ ತಿರುಗಿ ಇಳಿಯುತ್ತಿದ್ದೆ. ಭಾನುವಾರ ಮೇಲವಂಕಿಯ ಕಡೆ. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಕಿರುಚಿಸುತ್ತ ಮೈಮೇಲೆಯೇ ಬರುತ್ತಿದ್ದವು. ಒಂದು ದಿನ ಮೇಲವಂಕಿಯ ಹತ್ತಿರ ಹೊಲಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಕೈ ಅಡ್ಡ ಮಾಡಿ ನಿಲ್ಲಿಸಿದಳು.

"ಯಾವ ದೇವ್ರಿಗೆ ಹೊಂಟಿಯೋ ಯಪ್ಪಾ?"

"ದೇವ್ರಿಗೆ ಅಲ್ಲಬೇ. ನಮ್ಮಣ್ಣಗ ಆರಾಮಿಲ್ಲ. ಅದಕ್ಕ ಓಡಾಕತ್ತೇನಿ."

"ಅದ ಮತ್ತ, ಹರಕಿ. ಬೂಟ ಹಾಕ್ಕೊಂಡ ಓಡಿದ್ರ ಹರಕಿ ಮುಟ್ಟತೈತೇನು? ಬಿಚ್ಚು ಅವನ್ನ!"

ನಾನು ನಗುತ್ತ ಮುಂದೆ ಹೋದೆ. ಇದನ್ನು ತಮಾಷೆಯೆಂದು ಅವ್ವನಿಗೆ ಹೇಳಿದ್ದು ನನ್ನ ತಪ್ಪು. ಅವ್ವ ನಗಲಿಲ್ಲ. ಅಷ್ಟು ದಿನ ಮಗನ ಓಟಕ್ಕೆ ಅರ್ಥ ಸಿಗದೆ ತೊಳಲುತ್ತಿದ್ದವಳಿಗೆ ಈಗ ಅರ್ಥ ಸಿಕ್ಕಿತು. ಅಣ್ಣನ ಹೆಸರಿನಲ್ಲಿ ತಮ್ಮ ಓಡುವ ಹರಕೆ ಹೊತ್ತಿದ್ದಾನೆ ಎಂದು ಓಣಿಗೆಲ್ಲ ಸಾರಿದಳು. ಮುಂದಿನ ಸಲ ಗೋಕಾಕದಿಂದ ಮೂಡಲಗಿಯವರೆಗೆ ಓಡಿ ಮನೆ ಮುಟ್ಟಿದಾಗ, ಪಾದಯಾತ್ರೆಯವರಿಗೆ ಮಾಡುವ ಹಾಗೆ ಬಾಗಿಲಲ್ಲಿ ನಿಲ್ಲಿಸಿ ನನ್ನ ಕಾಲಿಗೆ ನೀರು ಹಾಕಿದಳು. ನೆರೆಯ ಹೆಂಗಸರಿಬ್ಬರು ಕಾಲು ಮುಟ್ಟಿದರು. ಒಂದು ಸಲ ಹುಕ್ಕೇರಿಗೆ ಓಡಿದಾಗ ವೈನಿಯ ತವರಿನವರು ವಿಭೂತಿ ಹಚ್ಚಿ ಆರತಿ ಬೆಳಗಿದರು. ಹರಕೆ ಹೊರುವುದು ನಮ್ಮ ಶರಣರ ಮಾರ್ಗವೇ ಅಲ್ಲ ಎಂದು ನಾನು ಅವ್ವನ ಜೊತೆ ವಾದಕ್ಕೆ ಇಳಿದೆ. "ಹೌದಪ್ಪಾ, ನೀ ಶಾಣ್ಯಾ. ಆದ್ರ ನಡುವ ಬಿಡಬ್ಯಾಡ," ಎಂದಳು.

ನಾನು ಹರಕೆಯನ್ನು ನಂಬಲಿಲ್ಲ. ಆದರೆ ಕಾಲಿಗೆ ಬಿದ್ದ ನೀರು ತಣ್ಣಗಿತ್ತು, ಹಿತವಾಗಿತ್ತು. ಕೊನೆಕೊನೆಗೆ ಅದಕ್ಕಾಗಿ ಕಾಯುತ್ತಿದ್ದೆನೆಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದೂ ಸುಳ್ಳಾಗುತ್ತದೆ.

ಓಟಕ್ಕೆ ಮೂರು ವಾರ ಇರುವಾಗ ಎಡ ಮೊಣಕಾಲು ಕೈಕೊಟ್ಟಿತು. ವೈದ್ಯರಿಗೆ ತೋರಿಸಿದರೆ ಓಡಬೇಡ ಎನ್ನುತ್ತಾರೆಂದು ತೋರಿಸಲಿಲ್ಲ. ಆಸ್ಪಿರಿನ್ ಗುಳಿಗೆ ತಂದಿಟ್ಟುಕೊಂಡೆ. ಪದವಿ ವಿದ್ಯಾರ್ಥಿಗಳಿಂದ ಪ್ರತಿ ವರ್ಷ ಪ್ರಯೋಗಾಲಯದಲ್ಲಿ ನಾನೇ ಮಾಡಿಸುವ ವಸ್ತು ಅದು. ಅದು ರಕ್ತದಲ್ಲಿ ಏನು ಮಾಡುತ್ತದೆಂದು ಗೊತ್ತಿಲ್ಲ ಎನ್ನುವ ಹಾಗಿಲ್ಲ. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳಿವೆ, ಪ್ಲೇಟ್‌ಲೆಟ್ ಎನ್ನುತ್ತಾರೆ. ಆಸ್ಪಿರಿನ್ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಒಮ್ಮೆ ಹಾಗಾದ ಕಣ ಸಾಯುವವರೆಗೂ ಹಾಗೆಯೇ. ಅಣ್ಣನಿಗೆ ಆಗಾಗ ಬೇಕಾಗುತ್ತಿದ್ದುದು ಅವೇ ಕಣಗಳು. ಅವನದು ಅಪರೂಪದ ರಕ್ತದ ಗುಂಪು. ಮನೆಯಲ್ಲಿ ಅದು ಇದ್ದದ್ದು ನನಗೊಬ್ಬನಿಗೆ. ಹಿಂದೆ ಒಂದು ಸಲ ಕೊಟ್ಟಿದ್ದೆ: ಯಂತ್ರಕ್ಕೆ ತೋಳು ಕೊಟ್ಟು ಒಂದೂವರೆ ತಾಸು ಮಲಗಿದ್ದಷ್ಟೇ ಶ್ರಮ.

ಆ ವಾರ ಭಾನುವಾರ ಪರೀಕ್ಷೆಯ ಕೆಲಸವಿದ್ದುದರಿಂದ ಶನಿವಾರವೇ ಮೂವತ್ತೆರಡು ಕಿಲೋಮೀಟರ್ ಓಡಿದೆ. ತಯಾರಿಯಲ್ಲಿ ಅದೇ ಅತಿ ದೂರದ ಓಟ. ಕೋಣೆಗೆ ಬಂದಾಗ ವೈನಿಯ ಫೋನ್.

"ಎಲ್ಲಿದ್ದೀರಿ ಮಾಸ್ತರ?"

ನನ್ನನ್ನು ಅವರು ಯಾವಾಗಲೂ ಮಾಸ್ತರ ಎಂದೇ ಕರೆಯುತ್ತಿದ್ದರು, ಅರ್ಧ ಚೇಷ್ಟೆಗೆ. ಆ ದಿನದ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಅಣ್ಣನ ಪ್ಲೇಟ್‌ಲೆಟ್ ತಳ ಮುಟ್ಟಿವೆ, ಒಸಡಿನಿಂದ ರಕ್ತ ಒಸರುತ್ತಿದೆ ಎಂದರು. ಸ್ನಾನ ಮಾಡಿ ಬಸ್ಸು ಹಿಡಿದೆ. ಮಧ್ಯಾಹ್ನ ಹನ್ನೆರಡಕ್ಕೆ ಬೆಳಗಾವಿಯ ಆಸ್ಪತ್ರೆಯ ರಕ್ತನಿಧಿಯ ಕುರ್ಚಿಯ ಮೇಲೆ ತೋಳೇರಿಸಿ ಕೂತಿದ್ದೆ.

ಅಲ್ಲಿನ ತಂತ್ರಜ್ಞ ಫಾರ್ಮ್ ಹಿಡಿದು ಒಂದೊಂದೇ ಕೇಳುತ್ತ ಬಂದ. "ಮೂರು ದಿವಸದಾಗ ಏನರೆ ನೋವಿನ ಗುಳಿಗಿ ತಗೊಂಡೀರೇನ್ರಿ?"

ಸುಳ್ಳು ಹೇಳುವ ಹಾಗಿರಲಿಲ್ಲ. ಹೇಳಿದ್ದರೆ ಕೆಲಸಕ್ಕೆ ಬಾರದ ಕಣಗಳು ಅಣ್ಣನ ಮೈ ಸೇರುತ್ತಿದ್ದವು. "ಆಸ್ಪಿರಿನ್. ಎರಡು. ಇವತ್ತ ಮುಂಜಾನೆ," ಎಂದೆ.

ಅವನು ಪೆನ್ನು ಕೆಳಗಿಟ್ಟ. "ನಿಮ್ಮದು ನಡ್ಯಾಂಗಿಲ್ರಿ ಸರ್. ಬ್ಯಾರೆಯವ್ರು ಯಾರರ ಅದಾರೇನ್ರಿ?"

ನಾನು ಹಾಕಿಕೊಂಡಿದ್ದ ಅಂಗಿಯ ಎದೆಯ ಮೇಲೆ ಓಟದ ಘೋಷಣೆ ಇತ್ತು: ರಕ್ತ ಕ್ಯಾನ್ಸರ್ ಗೆಲ್ಲೋಣ. ಅವನು ಅದನ್ನು ಓದಿ, ನನ್ನ ಹಿಂದೆ ನಿಂತವನನ್ನು ಕರೆದ.

ಬೇರೆಯವರೆಂದರೆ ಅದೇ ಗುಂಪಿನ ರಕ್ತದ, ಯಮಕನಮರಡಿಯ ಒಬ್ಬ: ವೈನಿಯ ಚಿಕ್ಕಪ್ಪನ ಮಗ, ಲಾರಿ ಚಾಲಕ. ಆ ದಿನ ಪುಣೆಗೆ ಹೋಗಿದ್ದ ಅವನು ಅಲ್ಲಿಂದ ಲಾರಿ ತಿರುಗಿಸಿಕೊಂಡು ಬಂದು ತೋಳು ಕೊಟ್ಟದ್ದು ಭಾನುವಾರ ಸಂಜೆ. ಅಲ್ಲಿಯವರೆಗೆ ಅಣ್ಣ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮಲಗಿದ್ದ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮಾತಾಡಲು ಬಂದಿದ್ದರೆ ಏನಾದರೂ ನಗೆಚಾಟಿಕೆ ಬರುತ್ತಿತ್ತು. ಈಗಲೂ ಮನಸ್ಸು ಅದನ್ನು ಕಟ್ಟಲು ಹೋಗುತ್ತದೆ, ನಾನು ಬಿಡುವುದಿಲ್ಲ. ಅವನು ಹೇಳದ್ದನ್ನು ಹೇಳಿದ ಎಂದು ಬರೆಯುವಷ್ಟು ಇಳಿದಿಲ್ಲ.

ಮೂರು ವಾರದ ನಂತರ ನಾನು ಓಡಿದೆ. ಪೂರ್ತಿ ಮುಗಿಸಿದೆ. ಕಾಲೇಜಿನಲ್ಲಿ ಶಾಲು ಹೊದಿಸಿದರು. ಅದೇ ವಾರ ಗುರುವಾರ ಅಣ್ಣ ಸೋಂಕಿನಿಂದ ತೀರಿಕೊಂಡ. ಆ ಒಂದು ದಿನದ ತಡಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಹೇಳಿದರು. ಇರಬಹುದು. ನಾನು ಅದನ್ನು ನಂಬುತ್ತೇನೆ, ನನಗೆ ಬೇಕಾದದ್ದನ್ನು ನಂಬುವ ಹಾಗೆ.

ಮಣ್ಣಾದ ಮೇಲಿನ ದಿನಗಳಲ್ಲಿ ನೆಂಟರ ನಡುವೆ ಯಾರೋ ಆ ಶನಿವಾರದ ಮಾತು ತೆಗೆದರು. ಮುಂಜಾನೆ ಗುಳಿಗೆ ನುಂಗುವಾಗ ಅಣ್ಣನಿಗೆ ಹೀಗಾಗಿದೆಯೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ನುಂಗುತ್ತಿರಲಿಲ್ಲ ಎಂದೆ. ವೈನಿ ತಲೆ ಎತ್ತಿದರು.

"ಶುಕ್ರವಾರ ಸಂಜಿಕೆ ಹೇಳಿದ್ನೆಲ್ರಿ."

"ಇಲ್ಲ ವೈನಿ. ಶನಿವಾರ. ನಾ ಓಡಿ ಬಂದ ಮ್ಯಾಲೆ."

"ಶುಕ್ರವಾರ," ಎಂದರು.

ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ನನ್ನ ಪರವಾಗಿ ವಾದ ಹೂಡಿದೆ. ದುಃಖದಲ್ಲಿರುವವರಿಗೆ ದಿನಗಳು ಅದಲುಬದಲಾಗುತ್ತವೆ. ವಾರಗಟ್ಟಲೆ ನಿದ್ದೆಗೆಟ್ಟ ಹೆಂಗಸಿನ ನೆನಪು ಎಂಥ ಸಾಕ್ಷಿ? ಶುಕ್ರವಾರವೇ ಮಾತಾಡಿದ್ದರೂ ಅದು ಓಟದ ಬಗ್ಗೆ ಇರಬೇಕು. ಹರಕೆ ಮುರಿಯಬೇಡಿ, ನಿಮ್ಮಣ್ಣನಿಗೆ ಕೇಡಾಗುತ್ತದೆ ಎಂದು ಅವರೇ ಅಂದಿದ್ದರಲ್ಲ? ಆ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿತ್ತು, ಅವರದೇ ದನಿಯಲ್ಲಿ. ಓದದವರ ಮೂಢನಂಬಿಕೆ ನನ್ನನ್ನು ಆ ಬೆಳಗಿನ ರಸ್ತೆಗೆ ತಳ್ಳಿತು. ಹೀಗೆ ಗೆಳೆಯರೆದುರು ಎಷ್ಟೋ ಸಲ ಕಹಿಯಾಗಿ ಹೇಳಿದ್ದೇನೆ, ಅವರು ತಲೆದೂಗಿದ್ದಾರೆ. ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಲಿತವನು ನಾನು. ಎಲ್ಲರ ನೆನಪನ್ನೂ ಅನುಮಾನಿಸಿದೆ, ನನ್ನದೊಂದನ್ನು ಬಿಟ್ಟು.

ಒಂದು ವರ್ಷ ಮೂಡಲಗಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಕಳೆದ ತಿಂಗಳು ಅವ್ವನನ್ನು ನೋಡಲು ಹೋದಾಗ ವೈನಿ ಅಂಗಡಿಯಲ್ಲಿದ್ದರು. ಈಗ ಅದನ್ನು ಅವರೇ ನಡೆಸುತ್ತಾರೆ. ಬೇರಿಂಗು ಹುಡುಕಿಕೊಂಡು ಬಂದ ಒಬ್ಬ ಗಿರಾಕಿಯನ್ನು ಕಳಿಸುವವರೆಗೆ ನಿಂತಿದ್ದೆ. ಆಮೇಲೆ ಕೇಳಿದೆ.

"ವೈನಿ, ಆ ಶುಕ್ರವಾರ ನೀವು ಹೆಂಗ ಹೇಳಿದ್ರಿ? ಫೋನ್ ಮಾಡಿದ್ರೇನು?"

"ಮಾಡಿದ್ನಿ. ನೀವು ಎತ್ತಲಿಲ್ಲ. ದನಿ ತುಂಬಿ ಕಳಸಿದ್ನಿ." ಫೋನ್ ತೆಗೆದು, ಬೆರಳಿನಿಂದ ಬಹಳ ಹೊತ್ತು ಹಿಂದಕ್ಕೆ ಸರಿಸಿ, ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು. "ನಿಮಗ ಎಲ್ಲಾಕೂ ಪುರಾವೆ ಬೇಕಲ್ರಿ ಮಾಸ್ತರ. ಕೇಳ್ರಿ."

ಅವರು ಹೊರಗೆ ಹೋಗಿ ನಿಂತರು. ನಾನು ಒತ್ತಿದೆ. ವಾರ್ಡಿನ ಗದ್ದಲದ ನಡುವೆ ಅವರ ದನಿ:

"ಮಾಸ್ತರ, ನಿಮ್ಮಣ್ಣಗ ಬಿಳಿ ಕಣ ಅಲ್ಲ, ಅದ ಇನ್ನೊಂದು, ನೀವು ಕೊಟ್ಟಿದ್ರೆಲ್ಲ, ಅವು ಭಾಳ ಕಡಿಮಿ ಆಗ್ಯಾವಂತ. ನಾಳೆ ಹೊತ್ತ ಹೊಂಡೂದ್ರಾಗ ಬರ್ರಿ. ಓಡೂದು ಒಂದಿನ ಬಿಡ್ರಿ. ಒಂದಿನ ಬಿಟ್ರ ದೇವ್ರು ಏನೂ ಸಿಟ್ಟಾಗಂಗಿಲ್ರಿ."

ಸಂದೇಶದ ಮೇಲೆ ಬೆರಳಿಟ್ಟು ವಿವರ ತೆರೆದೆ. ವೈನಿ ಅದನ್ನು ಕಳಿಸಿದ್ದು ಶುಕ್ರವಾರ ಸಂಜೆ 6.52ಕ್ಕೆ. ನನ್ನ ಫೋನಿನಲ್ಲಿ ಅದನ್ನು ಕೇಳಲಾದದ್ದು ಶುಕ್ರವಾರ ಸಂಜೆ 7.10ಕ್ಕೆ.