ಭಾಗತ್ತೆಯ ಸ್ವರ ಇಲ್ಲದ ಪೇಟಿ

ಶಿರಸಿಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲ ಬಾಗಿಲು ದಡಾರನೆ ತೆರೆಯಿತು. ನಾವು ಬಾಡಿಗೆಗಿರುವ ಮನೆಯ ಯಜಮಾನಿತಿ ಭಾಗತ್ತೆ, ಪಕ್ಕದ ಮನೆಯಿಂದ ಓಡಿ ಬಂದವರು, ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಎಂತ ತಂಗಿ ಅದು ಶಬ್ದ? ಮದ್ದಳೆ ಕಲೀತಾ ಇದ್ಯನೆ?"

"ರೊಟ್ಟಿರಿ ಅತ್ತಿ," ಎಂದೆ.

ಅವರು ಬಗ್ಗಿ ನೋಡಿದರು. ಇಲ್ಲಿಯವರ ರೊಟ್ಟಿ ಅಕ್ಕಿಯದು. ಬಾಳೆಲೆಯ ಮೇಲೆ ಮೆತ್ತಗೆ ತಟ್ಟುತ್ತಾರೆ, ಸಪ್ಪಳವೇ ಇಲ್ಲ. ಗದಗಿನ ಆಚೆಯ ನಮ್ಮೂರಲ್ಲಿ ಬೆಳಿಗ್ಗೆ ರೊಟ್ಟಿಯ ಸಪ್ಪಳ ಕೇಳದಿದ್ದರೆ, ಆ ಮನೆಯಲ್ಲಿ ಏನಾಯಿತೋ ಎಂದು ಜನ ಬಂದು ವಿಚಾರಿಸುತ್ತಾರೆ. ಇಲ್ಲಿ ಕೇಳಿದ್ದಕ್ಕೆ ಬಂದು ವಿಚಾರಿಸಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಅವರ ಹತ್ತಿರ ಬೇರೆ ಸುದ್ದಿಯೂ ಇತ್ತು. ಮಗಳು ಶಾರದೆಯ ಮದುವೆ ನಿಶ್ಚಯವಾಗಿತ್ತು. ಗಂಡಿನವರು ಯಲ್ಲಾಪುರದವರು.

"ಅವರ ಮನೆ ಮದುವೇಲಿ ಹೆಂಗಸರ ಹಾಡಿಗೆ ಹಾರ್ಮೋನಿಯಂ ಪೇಟಿ ಬಾರ್ಸಿದ್ವಡ. ಯಂಗಳ ಮನೇಲಿ ಇಲ್ಲೆ ಹೇಳಿ ಅವು ಹೇಳ್ಲಾಗ. ಯನ್ನ ಭಾವನವರ ಪೇಟಿ ಅಟ್ಟದ ಮೇಲೆ ಇದ್ದು. ನೀನು ಬಾರ್ಸು."

"ನನಗ ಬರೂದಿಲ್ರಿ."

"ಬಯಲುಸೀಮೆಯವ್ಕೆ ಪೇಟಿ ಬತ್ತಿಲ್ಯ? ಬತ್ತಿಲ್ಲೆ ಅಂದ್ರೆ ಕಲಿ."

ತವೆಯ ಮೇಲಿದ್ದ ರೊಟ್ಟಿ ಸೀದು ಹೋಯಿತು.

ಇದನ್ನು ಓದುವ ಊರ ಕಡೆಯ ಅಕ್ಕತಂಗಿಯರಿಗೆ ಗೊತ್ತೇ ಇದೆ, ನಮ್ಮಲ್ಲಿ ಪೇಟಿ ಎಂದರೆ ಗಂಡಸರದು. ವಿಠೋಬನ ಗುಡಿಯಲ್ಲಿ ಪೇಟಿಯವರು ಮೊದಲು ಸ್ವರ ಕೊಡುತ್ತಾರೆ, ಎಲ್ಲರೂ ಅದನ್ನು ಹಿಡಿಯುತ್ತಾರೆ, ನಾವು ಕಂಬದ ಹಿಂದೆ ಕೂತು ತುಟಿ ಆಡಿಸುತ್ತೇವೆ. ಅದನ್ನು ನಾನು ಮುಟ್ಟಿಯೂ ಇರಲಿಲ್ಲ. ಆದರೂ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ನಮ್ಮ ಮನೆಯವರು ಅಡಿಕೆ ಅಂಗಡಿಯ ಗುಮಾಸ್ತಿಕೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ನನ್ನ ಜೊತೆ ಮಾತಾಡುವವರು ದೇವರ ಮನೆಯ ವಿಠಲನೊಬ್ಬನೇ. ಅವನೂ ಕೇಳುತ್ತಾನೆಯೇ ಹೊರತು ತಿರುಗಿ ಮಾತಾಡುವುದಿಲ್ಲ. ಶುಕ್ರವಾರ ಭಾಗತ್ತೆಯ ನಡುಮನೆಯಲ್ಲಿ ಹೆಂಗಸರು ಕೂಡಿ ಹಾಡುವುದು ಗೋಡೆಯ ಈಚೆಗೆ ಕೇಳುತ್ತಿತ್ತು. ಪೇಟಿ ಹಿಡಿದಾದರೂ ಆ ಗೋಡೆ ದಾಟಬೇಕೆಂದು ಆಸೆಯಾಯಿತು.

ಹೊಸ ಊರು ಎಂದರೆ ಸೂರ್ಯ ಮುಳುಗುವುದೇ ಕಾಣದ ಊರು ಎಂದು ಯಾರೂ ನನಗೆ ಹೇಳಿರಲಿಲ್ಲ. ನಮ್ಮಲ್ಲಿ ಹೊಲದ ಅಂಚಿಗೆ ಕೆಂಪಗೆ ಇಳಿಯುವುದನ್ನು ನೋಡಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಇಲ್ಲಿ ಮರಗಳ ಹಿಂದೆ ಎಲ್ಲೋ ಹೋಗಿಬಿಡುತ್ತಾನೆ. ಹಸಿವಾದರೆ ಮಧ್ಯಾಹ್ನವೋ ಸಂಜೆಯೋ ತಿಳಿಯದು. ಬಾವಿಯ ನೀರು ಮಾತ್ರ ಸಿಹಿ. ಬೇಳೆ ಕೂಡಲೇ ಬೇಯುತ್ತದೆ, ಕಟ್ಟಿಗೆ ಉಳಿಯುತ್ತದೆ. ಅಷ್ಟು ಕೃಪೆ ಇದೆಯಲ್ಲ ಎಂದು ದಿನಾ ಕೊಡ ಎತ್ತುವಾಗ ಕೈ ಮುಗಿಯುತ್ತೇನೆ.

ಪೇಟಿ ಕಲಿಸಲು ಬಂದವರು ಶಾಲೆಯಿಂದ ನಿವೃತ್ತರಾದ ಒಬ್ಬ ಮಾಸ್ತರರು. ಪರಗಂಡಸರ ಎದುರು ಕೂತು ಕಲಿಯುವುದು ಹೇಗೆ? ನಮ್ಮ ಮನೆಯವರು ಉಪಾಯ ಮಾಡಿದರು. ಭಾಗತ್ತೆಯ ಅಟ್ಟದಿಂದ ಇಳಿಸಿ ತಂದ ಪೇಟಿ ಹೊಸ್ತಿಲ ಮೇಲೆ, ನಾನು ಒಳಗೆ, ಮಾಸ್ತರರು ಹೊರಗೆ ಜಗಲಿಯಲ್ಲಿ, ಅವರ ಪಕ್ಕಕ್ಕೆ, ಅಂಗಡಿಗೆ ಹೋಗುವ ಮುಂಚೆ, ಇವರು. ಒತ್ತುವ ಪಟ್ಟಿಗಳು ನನ್ನ ಕಡೆಗೆ, ಗಾಳಿ ಹಾಕುವ ಹಲಗೆ ಅವರ ಕಡೆಗೆ. ಹೀಗಾಗಿ ಗಾಳಿ ಅವರದು, ಬೆರಳು ನನ್ನದು.

"ಬಲಕ್ಕೆ ಬನ್ನಿ ತಾಯಿ."

"ಬಂದೆನ್ರಿ."

"ಅದು ಎಡ."

"ನನ್ನ ಬಲ ಇದರೀ."

"ಮಾಸ್ತರ, ನೀವರ ಈ ಕಡೆ ತಿರುಗಿ ಕೂಡ್ರಿ," ಎಂದರು ಇವರು.

"ತಿರುಗಿ ಕೂತರೆ ಪೇಟಿ ನನ್ನ ಬೆನ್ನಿಗೆ ಕಾಣಬೇಕೇನು ರಾಯರೇ?"

ಮೊದಲ ದಿನ ಅವರಿಬ್ಬರೂ ಹೋದ ಮೇಲೆ ಒಬ್ಬಳೇ ಕೂತು ಪಟ್ಟಿ ಒತ್ತಿದರೆ ಉಸಿರೇ ಇಲ್ಲ. ಮಡಿಯಲ್ಲಿಲ್ಲದೆ ಮುಟ್ಟಿದೆನೇನೋ ಎಂದು ಹೆದರಿ, ಸ್ನಾನ ಮಾಡಿ ಬಂದು ಮತ್ತೆ ಒತ್ತಿದೆ. ಆಗಲೂ ಇಲ್ಲ. ಸಂಜೆ ಇವರು ಬಂದು ಹಿಂದಿನ ಹಲಗೆ ಎಳೆದು ತೋರಿಸಿ, ಊಟ ಮುಗಿಯುವ ತನಕ ನಕ್ಕರು. ಒಂದು ಕೈಯಲ್ಲಿ ಗಾಳಿ, ಒಂದು ಕೈಯಲ್ಲಿ ಸ್ವರ. ಎರಡು ಕೂಡಿದಾಗ ಬಂದದ್ದು ಸಂಗೀತವಲ್ಲ, ಕರುವಿನ ಕೂಗು. ಆದರೂ ಅದು ನಾನೇ ಹೊರಡಿಸಿದ ಕೂಗಲ್ಲವೇ. ಮಕರ ಸಂಕ್ರಮಣ ಕಳೆಯುವಷ್ಟರಲ್ಲಿ ವಿಠಲನ ಒಂದು ನಾಮ ತಪ್ಪಿಲ್ಲದೆ ಬಂತು. ಅವತ್ತು ಒಲೆಯ ಮೇಲಿನ ಹಾಲು ಉಕ್ಕಿದ್ದಕ್ಕೂ ನನಗೆ ಬೇಸರವಾಗಲಿಲ್ಲ.

ಆಮೇಲೆ ಒಂದು ಶುಕ್ರವಾರ ಪೇಟಿ ಹೊತ್ತು ಗೋಡೆ ದಾಟಿದೆ. ನನ್ನ ಗೊಂದಲ ನಿಜವಾಗಿ ಶುರುವಾದದ್ದು ಅಲ್ಲಿ.

ಇಲ್ಲಿಯ ಹೆಂಗಸರಿಗೆ ಪ್ರತಿಯೊಂದು ಶಾಸ್ತ್ರಕ್ಕೂ ಒಂದು ಹಾಡು. ಎಣ್ಣೆ ಹಚ್ಚಲಿಕ್ಕೆ ಒಂದು, ಆರತಿಗೆ ಒಂದು. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ತಿರುಗಿ ಹೇಳಬೇಕು. ಪೇಟಿ ಇಲ್ಲ, ತಾಳ ಇಲ್ಲ. ಭಾಗತ್ತೆ ಎಲ್ಲಿ ಬಾಯಿ ತೆರೆದರೋ ಅದೇ ಸ್ವರ. ನಾನು ಕಪ್ಪು ಪಟ್ಟಿಯಲ್ಲಿ ಎರಡನೆಯದನ್ನು ಒತ್ತಿದೆ, ಭಾಗತ್ತೆಗಿಂತ ಮೇಲಾಯಿತು. ಪಕ್ಕದ ಬಿಳಿ ಒತ್ತಿದೆ, ಕೆಳಗಾಯಿತು. ಅವರ ಕಂಠ ಎರಡು ಪಟ್ಟಿಗಳ ನಡುವೆ, ಮರವೂ ಇಲ್ಲದ ಸಂದಿಯಲ್ಲಿ ನಿಂತಿತ್ತು.

"ಅತ್ತಿ, ಸ್ವಲ್ಪ ಮ್ಯಾಲೆ ಬರ್ರಿ."

ಅವರು ಪೇಟಿ ಕೇಳಿ ಕೇಳಿ ಮೇಲೆ ಬಂದರು. ಬಂದ ಕೂಡಲೇ ಹಾಡಿನ ಮುಂದಿನ ಸಾಲು ಮರೆತರು. ಹುಟ್ಟಿದಾಗಿನಿಂದ ಹೇಳಿದ ಹಾಡು ಅದು.

"ಇಷ್ಟು ಪಟ್ಟಿ ಇದ್ದು, ಯನ್ನ ಗಂಟಲಿಗೆ ಜಾಗ ಇಲ್ಯಾ ಅದ್ರಲ್ಲಿ?" ಎಂದರು.

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ದೇವರ ಮುಂದೆ ಕೂತು, ತಪ್ಪು ಪೇಟಿಯದೋ, ಅವರದೋ, ನನ್ನದೋ ಎಂದು ಕೇಳಿದೆ. ಮಾಸ್ತರರನ್ನು ಕೇಳಿದರೆ, "ಅವರು ಸರಿಯಾಗಬೇಕು ತಾಯಿ, ಪೇಟಿ ಅಲ್ಲ," ಎಂದರು. ಭಾಗತ್ತೆಯ ಹಾಡು ಕೇಳುವಾಗ ಅದರಲ್ಲಿ ಸರಿಯಿಲ್ಲದ್ದು ಏನೂ ನನ್ನ ಕಿವಿಗೆ ಸಿಗುತ್ತಿರಲಿಲ್ಲ.

ಮದುವೆಯ ದಿನ ಬಂತು. ಚಪ್ಪರದಲ್ಲಿ ಹಸೆ ಬರೆದಿದ್ದರು. ಹಸೆ ಎಂದರೆ ಬಣ್ಣದ ಚಿತ್ತಾರ ಬರೆದು ಮದುಮಕ್ಕಳನ್ನು ಕೂರಿಸುವ ಜಾಗ. ಅದಕ್ಕೆ ಕರೆಯುವ ಹಾಡು ಮುಗಿಯದೆ ಮದುಮಗಳು ಹೊಸ್ತಿಲು ದಾಟುವ ಹಾಗಿಲ್ಲ. ಶಾರದೆ ಒಳಬಾಗಿಲಲ್ಲಿ ನಿಂತಿದ್ದಳು. ಯಲ್ಲಾಪುರದ ಬೀಗಿತ್ತಿಯರು ಮುಂದಿನ ಸಾಲಿನಲ್ಲಿ ಪೇಟಿಯನ್ನೇ ನೋಡುತ್ತಿದ್ದರು. ನಾನು ವಿಠಲನನ್ನು ನೆನೆದು ಕಪ್ಪು ಎರಡು ಒತ್ತಿದೆ. ಭಾಗತ್ತೆ ಅದಕ್ಕೆ ಏರಿ ಹೇಳಿದರು. ಒಂದು ಸಾಲು ಆಯಿತು, ಎರಡು ಆಯಿತು. ಮೂರನೆಯದರಲ್ಲಿ ಮಗಳ ಕಡೆ ನೋಡಿದರು, ದನಿ ಒಡೆಯಿತು. ಸ್ವರ ಮೇಲಾಗಿ ಒಡೆಯಿತೋ, ಮಗಳನ್ನು ಕಂಡು ಒಡೆಯಿತೋ, ನನಗೆ ಇಂದಿಗೂ ಗೊತ್ತಿಲ್ಲ.

ಹಾಡು ನಿಂತಿತು. ಭಟ್ಟರು ಅಕ್ಷತೆ ಹಿಡಿದು ಕಾದರು. ಶಾರದೆ ಎತ್ತಿದ ಹೆಜ್ಜೆ ಹಿಂದಕ್ಕಿಟ್ಟಳು. ನನ್ನ ಪೇಟಿಯೊಂದೇ ಊಳಿಡುತ್ತಿತ್ತು.

ಗಾಳಿ ಹಾಕುವ ಕೈ ತೆಗೆದುಬಿಟ್ಟೆ. ಒಳಗಿದ್ದ ಉಸಿರು ಸಣ್ಣಗಾಗುತ್ತಾ ಹೋಗಿ ಪೇಟಿ ಸುಮ್ಮನಾಯಿತು. ಅದು ಸುಮ್ಮನಾದ ಮೇಲೆ ಭಾಗತ್ತೆ ಮೂಗು ಒರೆಸಿಕೊಂಡು ಅದೇ ಸಾಲನ್ನು ಮತ್ತೆ ಎತ್ತಿಕೊಂಡರು, ತಮ್ಮ ಜಾಗದಲ್ಲಿ, ಆ ಸಂದಿಯಲ್ಲಿ. ತಿರುಗಿ ಹೇಳಬೇಕಾದವರು ತಬ್ಬಿಬ್ಬಾಗಿ ಕೂತಿದ್ದರು. ಇಷ್ಟು ಶುಕ್ರವಾರ ಪಟ್ಟಿಗಳಲ್ಲಿ ಹುಡುಕಿ ಹುಡುಕಿ ಸಿಗದಿದ್ದ ಸ್ವರ ನನ್ನ ಬಾಯಿಗೆ ಬಂದಿತ್ತು. ಆ ಸಾಲನ್ನು ನಾನು ತಿರುಗಿ ಹೇಳಿದೆ. ಉಚ್ಚಾರ ನಮ್ಮೂರಿನದೇ, ಯಾರೋ ಕಿಸಕ್ಕೆಂದರು. ಆದರೆ ಶಾರದೆ ಹೊಸ್ತಿಲು ದಾಟಿ ಹಸೆಗೆ ಬಂದಳು.

ಊಟದ ಪಂಕ್ತಿಯಲ್ಲಿ ಬೀಗಿತ್ತಿಯೊಬ್ಬರು ಕೇಳಿದರು, "ಪೇಟಿ ಹಾಳಾತನೆ?"

"ಹಾಳಾಗಿದ್ದಿಲ್ಲೆ," ಎಂದರು ಭಾಗತ್ತೆ. "ಅದು ಯಂಗಳ ಹಾಡು ಇನ್ನೂ ಕಲೀತಾ ಇದ್ದು."

ಅಲ್ಲಿಂದ ಮುಂದೆ ಶುಕ್ರವಾರ ನನಗೆ ಕರೆ ಬೇಕಿಲ್ಲ. ತಿರುಗಿ ಹೇಳುವ ಇಬ್ಬರಲ್ಲಿ ನಾನೊಬ್ಬಳು. ಪೇಟಿ ಮನೆಯಲ್ಲೇ ಇರುತ್ತದೆ. ಇದಕ್ಕೆ ಗೆಲುವು ಎನ್ನಬೇಕೋ, ಕಲಿತದ್ದು ವ್ಯರ್ಥವಾಯಿತು ಎನ್ನಬೇಕೋ ತಿಳಿಯದು.

ಆಷಾಢ ಏಕಾದಶಿಗೆ ಊರಿಗೆ ಬಂದಿದ್ದೆನಲ್ಲ, ಆಗ ಗುಡಿಯಲ್ಲಿ ಪೇಟಿಯವರು ಸ್ವರ ಕೊಟ್ಟರು. ಕಂಬದ ಹಿಂದೆ ಕೂತು ಎಂದಿನಂತೆ ಹಿಡಿಯಲು ಹೋದೆ. ಹಿಡಿದದ್ದು ಜಾರಿ ಜಾರಿ ಆ ಸಂದಿಗೇ ಹೋಗುತ್ತಿತ್ತು. ನಮ್ಮ ನಾದಿನಿ ಮೊಣಕೈಯಿಂದ ತಿವಿದಳು: "ವೈನಿ, ಮಲೆನಾಡಿಗೆ ಹೋಗಿ ಸ್ವರಾ ಕಳಕೊಂಡು ಬಂದೀರೇನ್ರಿ?"

ಕಳಕೊಂಡೆನೋ, ಇನ್ನೊಂದು ಸಿಕ್ಕಿತೋ, ಅವಳಿಗೆ ಏನು ಹೇಳಲಿ? ಶಿರಸಿಯಲ್ಲಿ ನನ್ನ ಮಾತು ಕೇಳಿ ನಗುತ್ತಾರೆ, ಊರಲ್ಲಿ ಹಾಡು ಕೇಳಿ ನಗುತ್ತಾರೆ. ವಿಠಲ ಎರಡೂ ಕಡೆ ಒಬ್ಬನೇ. ಅವನು ನಕ್ಕದ್ದು ನಾನು ಕಂಡಿಲ್ಲ. ಅದೊಂದು ಆಧಾರ.

ಈಗಲೂ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಪೇಟಿ ತೆರೆಯುತ್ತೇನೆ. ಕಪ್ಪು ಎರಡು ಒತ್ತುತ್ತೇನೆ, ಪಕ್ಕದ ಬಿಳಿ ಒತ್ತುತ್ತೇನೆ. ಒಂದು ನಮ್ಮ ಗುಡಿಯ ಸ್ವರಕ್ಕೆ ಹತ್ತಿರ, ಇನ್ನೊಂದು ಯಾವುದಕ್ಕೂ ಅಲ್ಲ. ನಡುವಿನದನ್ನು ಬಾಯಲ್ಲಿ ಹೇಳಿಕೊಂಡು ಸ್ವಲ್ಪ ಹೊತ್ತು ಕೂತಿರುತ್ತೇನೆ. ಇವತ್ತೂ ಹಾಗೆಯೇ ಕೂತಿದ್ದೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಭಾಗತ್ತೆಯ ದನಿ ಬಂತು: "ತಂಗೀ, ಇವತ್ತು ಮದ್ದಳೆ ಇಲ್ಯನೆ?"

ಪೇಟಿ ಮುಚ್ಚಿ, ಹಿಟ್ಟಿಗೆ ಬಿಸಿನೀರು ಹಾಕಲು ಎದ್ದೆ.